ಅರಳಿಗುಡ್ಡದ ಚಲನಾಂಕ

ಅರಳಿಗುಡ್ಡದಲ್ಲಿ ಯಾರೂ ಏನೂ ಮಾಡುತ್ತಿಲ್ಲ ಎಂದು ‘ಸಮತೋಲ’ ತೀರ್ಮಾನ ಕೊಟ್ಟ ಬೆಳಿಗ್ಗೆ ಆ ಊರಿನ ಅರ್ಧ ಜನ ಬೀದಿಯಲ್ಲಿ ನಿಂತು ಬೆವರು ಸುರಿಸುತ್ತಿದ್ದರು. ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ. ನಾನೇ ಅಲ್ಲಿದ್ದೆ. ನನ್ನ ಕೈಯಲ್ಲೂ ಒಂದು ಕುಂಚವಿತ್ತು, ಮೊಣಕೈವರೆಗೆ ಗಂಜಿ ಮೆತ್ತಿಕೊಂಡಿತ್ತು. ತೀರ್ಮಾನ ಕೊಟ್ಟ ಆ ಯಂತ್ರದ ವಲಯ ಕೇಂದ್ರದಲ್ಲೇ ನನಗೆ ನೌಕರಿ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗೋಡೆಯಷ್ಟು ದೊಡ್ಡ ನಕ್ಷೆಯ ಮುಂದೆ ಕುಳಿತು, ಯಾವ ಊರಿನ ದೀಪ ಏರಿತು, ಯಾವುದು ಇಳಿಯಿತು ಎಂದು ನೋಡಿ ವರದಿ ಮಾಡುವುದು ನನ್ನ ಕೆಲಸ.

ಅರಳಿಗುಡ್ಡ ನನ್ನ ಅಕ್ಕ ನೀಲವ್ವನನ್ನು ಕೊಟ್ಟ ಊರು. ಕೆಂಪು ಕಲ್ಲಿನ ಗುಡ್ಡದ ಬುಡದಲ್ಲಿದೆ, ಮನೆಮನೆಯಲ್ಲೂ ಕೈಮಗ್ಗ. ಅಕ್ಕನ ಮಗಳು ಕಸ್ತೂರಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳ ಕುಬಸದ ಕಾರ್ಯಕ್ಕೆ ನಾನು ರಜೆ ಹಾಕಿ ಹೋಗಿದ್ದೆ. ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಊಟ ಮಾಡಿಸಿದ್ದೂ ಆಯಿತು. ಮರುದಿನ ಬೆಳಿಗ್ಗೆ ಅಕ್ಕನ ಮನೆಯ ಹಾಸನ್ನು ಬೀದಿಗೆ ಹಾಕುವ ಸರದಿ.

ಸೀರೆಯಲ್ಲಿ ಉದ್ದಕ್ಕೆ ಓಡುವ ಎಳೆಗಳೇ ಹಾಸು. ಮಗ್ಗಕ್ಕೆ ಏರುವ ಮೊದಲು ಅವನ್ನು ಬೀದಿಯುದ್ದಕ್ಕೂ ಬಿಗಿದು ಗಂಜಿ ತೊಡೆಯಬೇಕು, ಇಲ್ಲದಿದ್ದರೆ ನೇಯುವಾಗ ಹರಿಯುತ್ತವೆ. ಗಂಜಿ ಹಚ್ಚಿದ ಮೇಲೆ ಬಿಸಿಲೇರುವುದರೊಳಗೆ ಇಡೀ ಉದ್ದವನ್ನು ಒಮ್ಮೆಲೇ ಕುಂಚದಿಂದ ತಿಕ್ಕಿ, ಒಂದಕ್ಕೊಂದು ಅಂಟಿದ ಎಳೆಗಳನ್ನು ಬಿಡಿಸಬೇಕು. ಗಂಡ ಹೆಂಡತಿ ಇಬ್ಬರೇ ನಿಂತರೆ ಈ ತುದಿ ಮುಗಿಸುವಷ್ಟರಲ್ಲಿ ಆ ತುದಿ ಒಣಗಿ ಕಡ್ಡಿಯಾಗಿರುತ್ತದೆ. ಅದಕ್ಕೇ ಬೀದಿಯವರೆಲ್ಲ ಬರುತ್ತಾರೆ. ಯಾರೂ ಕರೆಯುವುದಿಲ್ಲ, ಯಾರಿಗೂ ಕೂಲಿಯಿಲ್ಲ. ಇಂದು ನೀವು ನಮ್ಮ ಬಾಗಿಲಿಗೆ ಬಂದಿರಿ, ನಾಳೆ ನಾವು ನಿಮ್ಮ ಬಾಗಿಲಿಗೆ. ಇದಕ್ಕೆ ಅಲ್ಲಿ ಮುಯ್ಯಿ ಎನ್ನುತ್ತಾರೆ. ಉಂಡದ್ದನ್ನಾದರೂ ಮರೆತಾರು, ಮುಯ್ಯಿಯನ್ನು ಅರಳಿಗುಡ್ಡದವರು ಮರೆಯುವುದಿಲ್ಲ.

ಅಕ್ಕನ ಗಂಡ ಈರಣ್ಣ ಮಾಮಾನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಅವನ ಕೈಯೆಲ್ಲ ಗಂಜಿ, ಹಾಗಾಗಿ ಎದುರುಮನೆಯ ಮಾಬೂಬಿ ಕೈ ಒರೆಸಿಕೊಂಡು ಫೋನು ತೆಗೆದು ನನ್ನ ಮುಖದ ಮುಂದೆ ಹಿಡಿದಳು. ನಾನು ಗಟ್ಟಿಯಾಗಿ ಓದಿದೆ. ‘ಅರಳಿಗುಡ್ಡದ ಚಲನಾಂಕ ಕನಿಷ್ಠ ಮಿತಿಗಿಂತ ಕೆಳಗಿದೆ. ಊರನ್ನು ನಿಶ್ಚಲ ವರ್ಗಕ್ಕೆ ಸೇರಿಸಲಾಗಿದೆ. ಹೆರಿಗೆ ಆಸ್ಪತ್ರೆಯನ್ನು ಮುಂದಿನ ತಿಂಗಳ ಕೊನೆಗೆ ಶಿವಪೇಟೆ ಬೆಳವಣಿಗೆ ಕೇಂದ್ರದಲ್ಲಿ ವಿಲೀನಗೊಳಿಸಲಾಗುವುದು.’

“ನಿಶ್ಚಲ ಅಂದ್ರ ಏನವಾ?” ಎಂದಳು ಅಕ್ಕ, ಕುಂಚ ನಿಲ್ಲಿಸದೆ.

“ಅಲಗಾಡದಿದ್ದದ್ದು.”

“ಯಾರು ಅಲಗಾಡವಲ್ಲರು? ನಾವಾ?”

ಮಾಬೂಬಿ ನಕ್ಕಳು. “ಈ ತಿಂಗಳು ಒಂದಿನಾ ಕುಂತು ಚಾ ಕುಡಿದಿಲ್ಲ ನಾನು. ನನ್ನ ಸೊಂಟಾ ಕೇಳ್ರಿ, ಹೇಳತೈತಿ.”

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಕಸ್ತೂರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳ ದಿನ ತುಂಬುವುದು ಮುಂದಿನ ತಿಂಗಳು ಕಳೆದ ಮೇಲೆ. ಅರಳಿಗುಡ್ಡದ ದವಾಖಾನೆಯಲ್ಲಿ ನಾಲ್ಕು ಮಂಚ, ಒಬ್ಬ ನರ್ಸಮ್ಮ, ವಾರಕ್ಕೆರಡು ಸಲ ಬರುವ ಡಾಕ್ಟರು. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳಿಗೆ ಇದ್ದದ್ದು ಅಷ್ಟೇ. ಶಿವಪೇಟೆಗೆ ಹೋಗಬೇಕೆಂದರೆ ಕೆಟ್ಟ ರಸ್ತೆಯಲ್ಲಿ ಒಂದೂವರೆ ತಾಸು, ನಡುವೆ ರೈಲ್ವೆ ಗೇಟು.

“ಚಿಗವ್ವಾ, ಅದು ನಿನ್ನ ಆಫೀಸಿನ ಯಂತ್ರ ಅಲ್ಲೇನು? ನೀನು ಹೇಳಿದ್ರ ಕೇಳಾಂಗಿಲ್ಲ?” ಎಂದಳು ಕಸ್ತೂರಿ.

ಕೇಳುತ್ತದೆ, ಕೇಳಿಸುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಸಮತೋಲವನ್ನು ನಾನು ದ್ವೇಷಿಸುತ್ತಿದ್ದೆ ಎಂದುಕೊಳ್ಳಬೇಡಿ. ಅದು ಬಂದಾಗ ಪಟಾಕಿ ಹೊಡೆದವರಲ್ಲಿ ನಾನೂ ಒಬ್ಬಳು. ಅದಕ್ಕೆ ಮುಂಚೆ ರಸ್ತೆ ಎಲ್ಲಿ, ಕಾಲೇಜು ಎಲ್ಲಿ ಎಂಬುದೆಲ್ಲ ಯಾವ ಮಂತ್ರಿ ಯಾವ ಕ್ಷೇತ್ರದವನು ಎಂಬುದರ ಮೇಲೆ ನಿಂತಿತ್ತು. ಒಂದು ತಾಲ್ಲೂಕಿಗೆ ಮೂರು ಸೇತುವೆ, ಪಕ್ಕದ್ದಕ್ಕೆ ತೆಪ್ಪ. ಪ್ರಾದೇಶಿಕ ಅಸಮತೋಲನ ನಿವಾರಣೆಗೆ ಸಮಿತಿಯ ಮೇಲೆ ಸಮಿತಿ ಕೂತು ಎದ್ದು ಹೋದವು. ಕೊನೆಗೆ ಮನುಷ್ಯರ ಕೈಯಿಂದ ಈ ಕೆಲಸವನ್ನೇ ಕಿತ್ತುಕೊಂಡು ಯಂತ್ರಕ್ಕೆ ಒಪ್ಪಿಸಿದರು. ಅದಕ್ಕೆ ಜಾತಿಯಿಲ್ಲ, ಬೀಗರಿಲ್ಲ, ಚುನಾವಣೆಯಿಲ್ಲ.

ಅದರ ಲೆಕ್ಕಾಚಾರವೂ ಸರಳ. ಫೋನಿನಲ್ಲಿ ಕೈ ಬದಲಾಗುವ ಹಣ, ರಸ್ತೆಯಡಿ ಹೂತ ತಂತಿಯ ಮೇಲೆ ಹಾಯುವ ಗಾಲಿ, ಮೀಟರಿನಲ್ಲಿ ಓಡುವ ಕರೆಂಟು, ಗೋದಾಮಿಗೆ ಬಂದು ಹೋಗುವ ಸರಕು, ಇಷ್ಟನ್ನು ಅದು ಹಗಲಿರುಳೂ ನೋಡುತ್ತದೆ. ಎಲ್ಲವನ್ನೂ ಕೂಡಿ ಪ್ರತಿ ಊರಿಗೂ ಒಂದು ಚಲನಾಂಕ ಕೊಡುತ್ತದೆ. ಎಲ್ಲಿ ಚಲನೆಯಿದೆಯೋ ಅಲ್ಲಿ ಹಣ ಹಾಕಿದರೆ ಇನ್ನಷ್ಟು ಚಲನೆ ಹುಟ್ಟುತ್ತದೆ, ಅದು ಸುತ್ತಲಿಗೂ ಹರಡುತ್ತದೆ ಎಂಬುದು ಅದರ ತಲೆಯಲ್ಲಿ ತುಂಬಿದ ಸಿದ್ಧಾಂತ. ಏರುವ ಊರು ಬೆಳವಣಿಗೆ ಕೇಂದ್ರವಾಗುತ್ತದೆ. ಇಳಿದ ಊರಿನ ಆಸ್ಪತ್ರೆ, ಬಸ್ಸು, ಬ್ಯಾಂಕುಗಳನ್ನು ತೆಗೆದು ಏರಿದ ಊರಿಗೆ ಕೊಡುತ್ತದೆ. ಕಿತ್ತುಕೊಂಡದ್ದರಿಂದ ಇಳಿದ ಊರು ಇನ್ನೂ ಇಳಿಯುತ್ತದಲ್ಲ ಎಂದು ಕೇಳಿದರೆ, ನೋಡಿದಿರಾ, ನಾನು ಹೇಳಿದ್ದು ಸರಿಯಾಯಿತು ಎನ್ನುವಂತೆ ಹೊಸ ಅಂಕಿ ತೋರಿಸುತ್ತದೆ.

ಅರಳಿಗುಡ್ಡದ ಮಗ್ಗಕ್ಕೆ ಕರೆಂಟು ಬೇಡ. ನೂಲು ಶಿವಪೇಟೆಯ ಸಾವಕಾರರ ಅಂಗಡಿಯಿಂದ ಬರುತ್ತದೆ, ಸೀರೆ ಅಲ್ಲಿಗೇ ಹೋಗುತ್ತದೆ. ಬಿಲ್ಲು ಆಗುವುದು ಅಲ್ಲಿ, ದುಡ್ಡು ಸದ್ದು ಮಾಡುವುದು ಅಲ್ಲಿ. ನೇಯ್ದ ಸೀರೆಯೆಲ್ಲ ಶಿವಪೇಟೆಯ ಚಲನೆ. ಉಳಿದದ್ದು ಮುಯ್ಯಿ, ಅದಕ್ಕೆ ಯಾವ ತಂತಿಯೂ ಇಲ್ಲ. ಹೀಗಾಗಿ ನಮ್ಮ ಗೋಡೆಯ ನಕ್ಷೆಯಲ್ಲಿ ಶಿವಪೇಟೆ ಮದುವೆಮನೆಯಂತೆ ಬೆಳಗುತ್ತಿತ್ತು, ಅರಳಿಗುಡ್ಡ ಇದ್ದ ಕಡೆ ಬರೀ ಕಪ್ಪು.

ನಮ್ಮ ಕೇಂದ್ರದ ನಿರ್ದೇಶಕರು ಶ್ರೀನಿಧಿ. ಕೆಟ್ಟ ಮನುಷ್ಯರಲ್ಲ, ಆಗಿದ್ದರೆ ನನ್ನ ಸಿಟ್ಟಿಗೆ ಸುಲಭವಾಗುತ್ತಿತ್ತು. ಅವರ ಊರಿಗೆ ಬರಬೇಕಾಗಿದ್ದ ಆಸ್ಪತ್ರೆಯನ್ನು ಒಬ್ಬ ಮಂತ್ರಿ ತನ್ನ ಮಾವನ ಊರಿಗೆ ಒಯ್ದಿದ್ದನಂತೆ. ಸಮತೋಲ ಬಂದ ಮೇಲೆ ಅವರ ಊರಿಗೆ ಆಸ್ಪತ್ರೆ ಬಂತು. ಆವತ್ತಿನಿಂದ ಅವರಿಗೆ ಯಂತ್ರವೆಂದರೆ ಮನೆದೇವರು.

“ಸರ್, ಆ ಊರಲ್ಲಿ ಮನೆಗೊಂದು ಮಗ್ಗ ಓಡ್ತಿದೆ. ನಾನು ಕಣ್ಣಾರೆ ನೋಡಿದ್ದೀನಿ,” ಎಂದೆ.

“ನಿಮಗೆ ಕಂಡಿದೆ. ಸಮತೋಲಕ್ಕೆ ಕಂಡಿಲ್ಲವಲ್ಲ, ವನಮಾಲಾ.”

“ಅದಕ್ಕೆ ಕಾಣದಿದ್ದರೆ ಇಲ್ಲ ಅಂತಲೇ?”

“ಇಲ್ಲ ಅಂತ ನಾನೆಲ್ಲಿ ಹೇಳಿದೆ? ಆದರೆ ನೀವು ನಿಮ್ಮ ಅಕ್ಕನ ಊರಿಗಾಗಿ ಬಂದಿದ್ದೀರಿ. ನಾಳೆ ಇನ್ನೊಬ್ಬರು ಅವರ ಮಾವನ ಊರಿಗಾಗಿ ಬರ್ತಾರೆ. ನಾನು ನಿಮ್ಮ ಮಾತು ಕೇಳಿ ಒಂದು ಅಂಕಿ ತಿದ್ದಿದರೆ ಮತ್ತೆ ಹಳೇ ಕಾಲಕ್ಕೇ ಹೋದ ಹಾಗೆ. ಅವರ ಕೆಲಸ ದಾಖಲಾಗೋ ಹಾಗೆ ಮಾಡಿಸಿ. ಒಬ್ಬರಿಗೊಬ್ಬರು ಕೂಲಿ ಕೊಡಲಿ, ಫೋನಿನಲ್ಲೇ ಕೊಡಲಿ. ದೀಪ ತಾನಾಗೇ ಹತ್ತತ್ತೆ.”

ಅವರ ಮಾತಿಗೆ ಮೈ ಉರಿಯಿತು. ಆದರೂ ದಾರಿಯೊಂದು ಸಿಕ್ಕಿತಲ್ಲ ಎಂದುಕೊಂಡು ಮುಂದಿನ ಭಾನುವಾರ ಅರಳಿಗುಡ್ಡದ ಬಸ್ಸು ಹತ್ತಿದೆ.

ಅಕ್ಕನ ಪಡಸಾಲೆಯಲ್ಲಿ ಬೀದಿಯವರೆಲ್ಲ ಸೇರಿದರು. ನಾನು ತಿಳಿಸಿ ಹೇಳಿದೆ. ಹಾಸು ತಿಕ್ಕಲು ಬಂದವರಿಗೆ ಆ ಮನೆಯವರು ಫೋನಿನಲ್ಲಿ ಕೂಲಿ ಕಳಿಸಬೇಕು, ಬಂದವರು ಅದನ್ನು ಇಟ್ಟುಕೊಳ್ಳಬೇಕು. ಕಂಡಿಕೆಗೆ ನೂಲು ಸುತ್ತಿಕೊಟ್ಟರೆ ಕೂಲಿ, ಹರಿದ ಎಳೆ ಕೂಡಿಸಿಕೊಟ್ಟರೆ ಕೂಲಿ. ನಾಳೆ ನೀವು ಅವರ ಮನೆಗೆ ಹೋದಾಗ ಅವರು ಕಳಿಸುತ್ತಾರೆ. ಯಾರೂ ಕಳೆದುಕೊಳ್ಳುವುದಿಲ್ಲ, ಊರು ಮಾತ್ರ ಯಂತ್ರದ ಕಣ್ಣಿಗೆ ಕಾಣುತ್ತದೆ.

ಹೇಳಿ ಮುಗಿಸುವ ಮುಂಚೆಯೇ ಮಾಬೂಬಿ ಎದ್ದು ನಿಂತಿದ್ದಳು.

“ಮುಯ್ಯಿಗೆ ರೊಕ್ಕ ಇಸ್ಕೊಳ್ಳೋದಾ? ನೀಲವ್ವನ ಕಡೆಯಿಂದ ನಾನು ರೊಕ್ಕ ಇಸ್ಕೊಳ್ಳೋದಾ? ನನ್ನ ಗಂಡ ಹಾಸಿಗಿ ಹಿಡಿದಾಗ ಆರು ತಿಂಗಳು ನನ್ನ ಮಗ್ಗಾ ಓಡಿಸ್ಯಾಳ ಈಕಿ. ಅದಕ್ಕೂ ಬಿಲ್ ಹಚ್ಚಲೇನು?”

“ಖರೇ ಅಲ್ಲವಾ, ಯಂತ್ರಕ್ಕ ತೋರ್ಸಾಕ ಅಷ್ಟ,” ಎಂದ ಈರಣ್ಣ ಮಾಮಾ.

“ತೋರ್ಸಾಕರ ಯಾಕ? ಅದೇನು ನಮ್ಮ ಮಾವನಾ, ಅತ್ತಿಯಾ?”

ಯಾರೂ ಒಪ್ಪುವಂತೆ ಕಾಣಲಿಲ್ಲ. ಆಗ ಕಸ್ತೂರಿ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದು ಮಾಬೂಬಿಯ ಮುಂದಿಟ್ಟಳು. ಬಗ್ಗಿ ಇಡಲು ಅವಳಿಗೆ ಕಷ್ಟವಾಯಿತು. ಮಾಬೂಬಿ ಅವಳ ಹೊಟ್ಟೆ ನೋಡಿದಳು, ನೀರು ಕುಡಿದಳು, ತಲೆ ಮೇಲೆ ಸೆರಗು ಎಳೆದುಕೊಂಡಳು.

“ಈ ಹುಡುಗಿ ಸಲುವಾಗಿ ಮಾಡೂಣು. ದವಾಖಾನಿ ಉಳಿಯೋತನಕ ಅಷ್ಟ.”

ಮಾರನೆಯ ದಿನದಿಂದ ಅರಳಿಗುಡ್ಡದ ಬೀದಿಯಲ್ಲಿ ಫೋನುಗಳು ಸದ್ದು ಮಾಡತೊಡಗಿದವು. ಎರಡನೆಯ ವಾರ ನಕ್ಷೆಯ ಕಪ್ಪಿನಲ್ಲಿ ಒಂದು ಸಣ್ಣ ಹಳದಿ ಚುಕ್ಕೆ ಮೂಡಿತು. ನಾನು ಕುರ್ಚಿಯಿಂದ ಎದ್ದು ಅದರ ಹತ್ತಿರ ಹೋಗಿ ಬೆರಳಿಟ್ಟು ನೋಡಿದೆ. ಸಹೋದ್ಯೋಗಿಗಳು ನಕ್ಕರು. ನಗಲಿ ಎಂದುಕೊಂಡೆ. ಅಷ್ಟು ಸಂತೋಷ ನನಗೆ ಮೊದಲ ಸಂಬಳ ಬಂದಾಗಲೂ ಆಗಿರಲಿಲ್ಲ. ಚಲನಾಂಕ ಮಿತಿಯ ಹತ್ತಿರ ಹತ್ತಿರ ಬರುತ್ತಿತ್ತು. ಕಸ್ತೂರಿಗೆ ಫೋನು ಮಾಡಿ, ಮಂಚ ಉಳಿಯಿತು ಕಣೇ ಎಂದೂ ಹೇಳಿಬಿಟ್ಟೆ.

ಒಂದು ಸೋಮವಾರ ಚುಕ್ಕೆ ಆರಿತು. ಅದಿದ್ದ ಜಾಗದಲ್ಲಿ ಅಕ್ಷರಗಳು ಮೂಡಿದವು. ‘ಅರಳಿಗುಡ್ಡ: ಸುಳ್ಳು ವಹಿವಾಟು ಪತ್ತೆ. ಹೋದ ಹಣವೆಲ್ಲ ಅದೇ ದಿನ ಹೊರಟಲ್ಲಿಗೇ ಮರಳುತ್ತಿದೆ. ಚಲನಾಂಕ ಸೊನ್ನೆ. ಸೌಲಭ್ಯಗಳ ವಿಲೀನ ತಕ್ಷಣ.’

ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದೆ.

“ಅಕ್ಕಾ, ರೊಕ್ಕ ವಾಪಸ್ ಕೊಡಾಕತ್ತೀರೇನು?”

“ಮತ್ತ? ಸಂಜೀಕ ಎಲ್ಲಾರೂ ಅವರವರದು ಅವರವರಿಗೆ ಮುಟ್ಟಸ್ತಾರ. ನೀ ಹೇಳಿದಂಗ ಮುಂಜಾನೆ ಕಳಸ್ತೀವಲ್ಲ.”

“ಇಟ್ಕೋರಿ ಅಂತ ಹೇಳಿದ್ನಲ್ಲಾ! ಯಂತ್ರ ಅದನ್ನ ಮೋಸ ಅಂತ ಹಿಡದೈತಿ!”

ಅಕ್ಕ ನಿಧಾನವಾಗಿ ಹೇಳಿದಳು. “ಮೋಸ? ವನಾ, ಮುಯ್ಯಿ ರೊಕ್ಕ ಮನ್ಯಾಗ ಇಟ್ಕೊಂಡು ಮಲಗೋದು ಮೋಸ. ಯಾರ ಕೈಲೂ ಆಗಲಿಲ್ಲ. ಮೊದಲನೇ ದಿನಾನೇ ಮಾಬೂಬಿ ಹೊತ್ತು ಮುಳುಗೋದರಾಗ ಫೋನಿನ್ಯಾಗ ತಿರುಗಿ ಕಳಿಸಿದ್ಲು. ಆಮ್ಯಾಲ ಎಲ್ಲಾರೂ.”

ಒಬ್ಬರಾದರೂ ಇಟ್ಟುಕೊಂಡಿದ್ದರೆ ಊರು ಉಳಿಯುತ್ತಿತ್ತು. ಸ್ವಲ್ಪ ಲುಚ್ಚಾತನ ಇದ್ದಿದ್ದರೆ ಸಾಕಿತ್ತು. ಶಿವಪೇಟೆಯಲ್ಲಿ ಒಂದೇ ಗೋದಾಮಿನ ಸರಕನ್ನು ಮೂರು ಹೆಸರಿನಲ್ಲಿ ಮಾರಿ ಕೊಂಡು ಆಡುತ್ತಾರೆ, ಅದು ಚಲನೆ. ಇವರು ಪಡೆದದ್ದನ್ನು ಹೊತ್ತು ಮುಳುಗುವುದರೊಳಗೆ ತಿರುಗಿಸಿ ಕೊಟ್ಟರು, ಇದು ಮೋಸ. ನಾನು ಆವತ್ತು ನಕ್ಷೆಯ ಕೋಣೆಯಲ್ಲೇ ಮೇಜು ಗುದ್ದಿ ಅತ್ತೆ. ಶ್ರೀನಿಧಿ ನೀರಿನ ಬಾಟಲಿ ಕೊಟ್ಟು, “ಪ್ರೋಗ್ರಾಮ್ ಹಾಗಿದೆ, ನಾನೇನು ಮಾಡಲಿ” ಎಂದರು. ಬಾಟಲಿಯನ್ನು ಅಲ್ಲೇ ಬಿಟ್ಟು ಬಂದೆ.

ಆ ವಾರವೇ ಲಾರಿ ಬಂದು ನಾಲ್ಕು ಮಂಚಗಳನ್ನೂ ತೂಕದ ಯಂತ್ರವನ್ನೂ ಹೇರಿಕೊಂಡು ಹೋಯಿತು. ನರ್ಸಮ್ಮ ಬೀದಿಯ ಪ್ರತಿ ಮನೆಗೂ ಹೋಗಿ ಹೇಳಿ, ಕಣ್ಣೊರೆಸಿಕೊಂಡು ಲಾರಿಯ ಮುಂದಿನ ಸೀಟಿನಲ್ಲಿ ಕುಳಿತಳಂತೆ.

ಕಸ್ತೂರಿಗೆ ನೋವು ಬಂದದ್ದು ಒಂದು ಮಧ್ಯಾಹ್ನ, ಲೆಕ್ಕಕ್ಕಿಂತ ಮೊದಲೇ. ಅಂಬುಲೆನ್ಸಿಗೆ ಫೋನು ಮಾಡಿದರೆ ನಿಶ್ಚಲ ವರ್ಗದ ಊರುಗಳಿಗೆ ಗಾಡಿ ಕಳಿಸುವುದಿಲ್ಲ ಎಂದರು. ಊರಿನ ಒಂದು ಟೆಂಪೋದಲ್ಲಿ ನೂಲಿನ ಮೂಟೆ ಕೆಳಗಿಳಿಸಿ, ಕೌದಿ ಹಾಸಿ ಅವಳನ್ನು ಮಲಗಿಸಿದರು. ಅಕ್ಕ, ಮಾಬೂಬಿ ಜೊತೆಗೆ ಹತ್ತಿದರು. ಶಿವಪೇಟೆಯ ಈಚೆಗೆ ರೈಲ್ವೆ ಗೇಟು ಬಿದ್ದಿತ್ತು. ಅದಿರು ತುಂಬಿದ ಗಾಡಿ ಹೋಗುತ್ತಿತ್ತು, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವ ಮಾತೇ ಇಲ್ಲ. ಪ್ರತಿ ಡಬ್ಬಿಯನ್ನೂ ಸಮತೋಲ ಎಣಿಸಿಕೊಳ್ಳುತ್ತಿತ್ತು ಎಂಬುದು ನನಗೆ ಗೊತ್ತು. ಗೇಟಿನ ಈಚೆ, ಬಿಸಿಲಲ್ಲಿ, ಸೀರೆಯ ಮರೆಯಲ್ಲಿ, ಮಾಬೂಬಿಯ ಕೈಗೆ ಮಗು ಬಂತು.

ಹೆಣ್ಣುಮಗು, ಅತ್ತಿತು, ಬದುಕಿತು. ಆದರೆ ಕಸ್ತೂರಿಯ ರಕ್ತ ನಿಲ್ಲಲಿಲ್ಲ. ಗೇಟು ಎದ್ದು, ಶಿವಪೇಟೆಯ ಆಸ್ಪತ್ರೆ ಮುಟ್ಟಿ, ಬಾಟಲಿಗಟ್ಟಲೆ ರಕ್ತ ಕೊಟ್ಟು ಉಳಿಸಿಕೊಂಡರು. ನಾನು ಹೋದಾಗ ಅವಳ ಮುಖ ಬಿಳಿಚಿ ನೂಲಿನ ಬಣ್ಣಕ್ಕೆ ತಿರುಗಿತ್ತು. ನನ್ನ ಕೈ ಹಿಡಿದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಫೀಸಿಗೆ ವಾಪಸಾದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಆ ಮಧ್ಯಾಹ್ನದ ಅಂಕಿಗಳನ್ನು ತೆಗೆದು ನೋಡಿದ್ದು. ಟೆಂಪೋದ ಪ್ರಯಾಣ ಶಿವಪೇಟೆಗೆ ಬಂದ ವಾಹನದ ಲೆಕ್ಕಕ್ಕೆ ಸೇರಿತ್ತು. ಔಷಧಿಗೆ ಈರಣ್ಣ ಮಾಮಾ ಕೊಟ್ಟ ಹಣ ಶಿವಪೇಟೆಯ ವಹಿವಾಟು. ಮಗುವಿನ ಜನನ ಶಿವಪೇಟೆಯಲ್ಲಿ ದಾಖಲು. ನನ್ನ ಅಕ್ಕನ ಮಗಳು ಸಾಯುವ ಹಾಗಾದದ್ದರಿಂದ ಶಿವಪೇಟೆಯ ಚಲನಾಂಕ ಕೂದಲೆಳೆಯಷ್ಟು ಏರಿತ್ತು. ಹೇಸಿಗೆಯಾಯಿತು. ಯಂತ್ರದ ಮೇಲಲ್ಲ. ಯಂತ್ರಕ್ಕೆ ಏನು ಗೊತ್ತು? ಯಾವುದು ಕೆಲಸ, ಯಾವುದು ಕೆಲಸವಲ್ಲ ಎಂದು ಅದಕ್ಕೆ ಹೇಳಿಕೊಟ್ಟು, ಆಮೇಲೆ ಅದರ ಹಿಂದೆ ಅಡಗಿ ಕುಳಿತ ನಮ್ಮಂಥವರ ಮೇಲೆ. ಇದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ಹೇಳಿದೆ, ಹೇಳದೆ ಇರಲಾಗಲಿಲ್ಲ.

ಅಕ್ಕ ಕೇಳಿದ್ದು ಒಂದೇ ಮಾತು. “ನಮ್ಮೂರಾಗ ಅದಕ್ಕ ಕಾಣೂವಂಥಾದ್ದು ಏನೂ ಇಲ್ಲೇನು?”

“ಹೆದ್ದಾರಿ ಐತಿ. ಊರ ಮಗ್ಗಲಿಂದ ಹಾದು ಹೋಗತೈತಲ್ಲ, ಲಾರಿ ರಸ್ತಾ. ಅದು ಶಿವಪೇಟೆಗೆ ಹೋಗಾಂಗಿಲ್ಲ, ಅಲ್ಲಿ ಹಾಯೂ ಗಾಡಿ ನಿಮ್ಮೂರ ಲೆಕ್ಕಕ್ಕೂ ಬರಾಂಗಿಲ್ಲ, ಆದ್ರ ಅದರ ತಳಗ ತಂತಿ ಹೂಳ್ಯಾರ. ಅಲ್ಲಿ ಓಡಾಡೋ ಒಂದೊಂದು ಗಾಲೀನೂ ಅದಕ್ಕ ಗೊತ್ತಾಗತೈತಿ.”

“ಹೂಂ,” ಎಂದಳು ಅಕ್ಕ. ನಾನು ಅದನ್ನು ಸುಮ್ಮನೆ ಕೇಳಿದ ಮಾತು ಎಂದುಕೊಂಡೆ.

ಕಸ್ತೂರಿ ಊರಿಗೆ ಮರಳಿದ ವಾರ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದಂತೆ ಕೋಣೆಯವರೆಲ್ಲ ಥಟ್ಟನೆ ಎದ್ದು ನಿಂತರು. ನಕ್ಷೆಯ ನಡುವೆ, ಹಳದಿ ಚುಕ್ಕೆ ಆರಿದ್ದ ಕಪ್ಪು ಜಾಗದಲ್ಲಿ, ಕೆಂಪು ದೀಪ ಧಗಧಗ ಉರಿಯುತ್ತಿತ್ತು. ಪಕ್ಕದಲ್ಲಿ ಊರಿನ ಹೆಸರು. ಅರಳಿಗುಡ್ಡ.

ರಸ್ತೆಯ ಕ್ಯಾಮೆರಾ ತೆರೆದೆ. ಹೆದ್ದಾರಿಯ ಎರಡೂ ದಿಕ್ಕಿಗೆ ಕಣ್ಣು ಹಾಯುವಷ್ಟು ದೂರ ಲಾರಿಗಳು ನಿಂತಿದ್ದವು. ನಡುವೆ, ಡಾಂಬರಿನ ಉದ್ದಕ್ಕೂ, ಬಿದಿರಿನ ಕವೆಗಳ ಮೇಲೆ ಹಾಸು. ಒಂದು ಮನೆಯದಲ್ಲ, ಇಡೀ ಊರಿನದು, ಒಂದರ ತುದಿಗೆ ಇನ್ನೊಂದನ್ನು ಬಿಗಿದು. ಕೆಂಪು, ಹಸಿರು, ನೀಲಿ ಎಳೆಗಳು ಎಳೆಬಿಸಿಲಿಗೆ ಹೊಳೆಯುತ್ತಿದ್ದವು. ಎರಡೂ ಕಡೆ ಊರಿನವರೆಲ್ಲ ಕುಂಚ ಹಿಡಿದು ತಿಕ್ಕುತ್ತಿದ್ದರು. ಘೋಷಣೆಯಿಲ್ಲ, ಬ್ಯಾನರಿಲ್ಲ, ಕಲ್ಲಿಲ್ಲ. ಕೆಲಸ ಮಾಡುತ್ತಿದ್ದರು, ಅಷ್ಟೇ. ಒಬ್ಬ ಲಾರಿ ಡ್ರೈವರು ಕೂಗಾಡುತ್ತ ಇಳಿದು ಬಂದ. ಮಾಬೂಬಿ ಅವನಿಗೆ ಏನೋ ಹೇಳಿ ಕೈಗೊಂದು ಕುಂಚ ಕೊಟ್ಟಳು. ಸ್ವಲ್ಪ ಹೊತ್ತು ತಬ್ಬಿಬ್ಬಾಗಿ ನಿಂತು, ಆಮೇಲೆ ಅವನೂ ತಿಕ್ಕತೊಡಗಿದ.

ಶ್ರೀನಿಧಿ ಓಡಿ ಬಂದರು. ಇಬ್ಬರೂ ಪರದೆಯ ಮುಂದೆ ನಿಂತೆವು. ಅವರು ಬಹಳ ಹೊತ್ತು ಆ ಬಣ್ಣದ ಎಳೆಗಳನ್ನೇ ನೋಡಿದರು.

“ಇಷ್ಟು ಜನ ಇದ್ದಾರಾ ಅಲ್ಲಿ?” ಎಂದು ಮೆಲ್ಲಗೆ ಕೇಳಿದರು.

“ಇದ್ದಾರೆ ಅಂತ ಮೊದಲೇ ಹೇಳಿದ್ದೆ, ಸರ್.”

ಕೊನೆಗೂ ಕಂಡಿತು, ಇನ್ನು ಕಾಣದ ಹಾಗೆ ನಟಿಸಲು ಯಾರಿಂದಲೂ ಆಗದು ಎಂದುಕೊಂಡೆ. ಸಮತೋಲ ನಷ್ಟದ ಅಂಕಿಗಳನ್ನು ಲೆಕ್ಕ ಹಾಕುತ್ತಿತ್ತು. ನಾವು ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಪರಿಹಾರ ಪರದೆಯ ಮೇಲೆ ಬಂತು. ‘ಅರಳಿಗುಡ್ಡದಲ್ಲಿ ಗಂಭೀರ ಅಡಚಣೆ. ಊರನ್ನು ಬಳಸಿ ಹೋಗುವ ನಾಲ್ಕು ಪಥದ ಹೊಸ ಬೈಪಾಸ್ ಮಂಜೂರಾಗಿದೆ. ಕಾಮಗಾರಿ ತಕ್ಷಣ ಆರಂಭ.’

ಕೆಳಗೆ ಮೊತ್ತವಿತ್ತು. ಆ ಹಣದಲ್ಲಿ ನಾಲ್ಕು ಮಂಚದ ದವಾಖಾನೆಯನ್ನು ಕಸ್ತೂರಿಯ ಮೊಮ್ಮಕ್ಕಳ ಕಾಲದವರೆಗೂ ನಡೆಸಬಹುದಾಗಿತ್ತು. ನಾನು ನಗಲು ಶುರುಮಾಡಿದೆ, ನಗು ನಿಲ್ಲಲಿಲ್ಲ. ಶ್ರೀನಿಧಿ ಕುರ್ಚಿ ಎಳೆದು ಕುಳಿತರು. ಕನ್ನಡಕ ತೆಗೆದರು.

“ಅದಕ್ಕೆ ಊರು ಕಾಣಲಿಲ್ಲ, ವನಮಾಲಾ. ನಿಂತ ಲಾರಿ ಕಾಣಿಸ್ತು,” ಎಂದರು.

“ನಿಮಗೆ ಊರು ಕಂಡಿತಲ್ಲ ಸರ್. ಬೈಪಾಸ್ ತಡೆದು ಆದೇಶ ಬರೀರಿ. ನಿಮಗೆ ಆ ಅಧಿಕಾರ ಇದೆ.”

“ಒಂದು ಸಲ ಕೈ ಹಾಕಿದರೆ...” ಎಂದರು. ಕನ್ನಡಕ ಮತ್ತೆ ಹಾಕಿಕೊಂಡು ಆ ಪರದೆಯತ್ತ ತಿರುಗಿದರು. ಅವರ ಕೈ ಮೇಲೇಳಲಿಲ್ಲ. ಆ ಕ್ಷಣ ನನಗೆ ಅವರ ಮೇಲಿದ್ದ ಗೌರವ ಹೋಯಿತು, ಅದನ್ನು ಅವರ ಎದುರಿಗೇ ಹೇಳಿ ಹೊರಬಿದ್ದೆ.

ಸಂಜೆ ಅರಳಿಗುಡ್ಡ ಮುಟ್ಟಿದಾಗ ಹೆದ್ದಾರಿ ಖಾಲಿಯಾಗಿತ್ತು. ಒಣಗಿದ ಹಾಸುಗಳನ್ನು ಸುತ್ತಿ ಮನೆಮನೆಗೆ ಒಯ್ದಿದ್ದರು. ಅಕ್ಕನ ಪಡಸಾಲೆಯಲ್ಲಿ ಬೀದಿಯವರೆಲ್ಲ ಕಾಯುತ್ತಿದ್ದರು, ಯಂತ್ರ ಏನು ಹೇಳಿತು ಎಂದು ಕೇಳಲು. ಕಸ್ತೂರಿ ಗೋಡೆಗೆ ಒರಗಿ ಮಗುವಿಗೆ ಹಾಲೂಡಿಸುತ್ತಿದ್ದಳು. ಇಷ್ಟು ಮುಖಗಳ ಮುಂದೆ ಹೇಗೆ ಹೇಳಲಿ? ಆದರೂ ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ.

ಈರಣ್ಣ ಮಾಮಾ ಹೊರಗೆ ಹೋಗಿ ನಿಂತ. ಮಾಬೂಬಿ ಯಂತ್ರಕ್ಕೂ ಅದನ್ನು ಹೆತ್ತವರಿಗೂ ಸೇರಿಸಿ ಒಂದು ಬೈಗುಳ ಬೈದಳು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

“ಅಂದ್ರ ನಮ್ಮನ್ನ ಸುತ್ತು ಹಾಕ್ಕೊಂಡು ಹೊಕ್ಕಾರ,” ಎಂದಳು ಕಸ್ತೂರಿ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಇಷ್ಟು ಗಟ್ಟಿಯಾಗಿ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಇನ್ನ ಮ್ಯಾಲ ಲಾರಿಯವರೂ ನಮ್ಮ ಮಾರಿ ನೋಡಾಂಗಿಲ್ಲ.”

ಅಕ್ಕ ಮಾತ್ರ ಏ‌ನೋ ಯೋಚಿಸುತ್ತಿದ್ದಳು. ಮೂಲೆಯಲ್ಲಿದ್ದ ಬಕೆಟ್ಟಿನಲ್ಲಿ ಕುಂಚಗಳನ್ನು ಒಂದೊಂದಾಗಿ ತೊಳೆದು, ಗಂಜಿ ಕೊಡವಿ ಗೋಡೆಗೆ ಆನಿಸುತ್ತಿದ್ದಳು.

“ವನಾ, ಆ ಹೊಸಾ ರಸ್ತಾ ಎಷ್ಟು ಅಗಲ?”

“ನಾಲ್ಕು ಲಾರಿ ಜೋಡಿ ಹೋಗೂವಷ್ಟು.”

“ನೆಟ್ಟಗ ಐತೇನು?”

“ಗೆರೆ ಹೊಡದಂಗ ನೆಟ್ಟಗ. ಗುಡ್ಡದ ಆಚೆಯಿಂದ ಕೆರಿ ತನಕ.”

“ನೆರಳು?”

“ಒಂದ ಮರಾನೂ ಇರಾಂಗಿಲ್ಲ.”

“ಹಂಗಾದ್ರ ಲಗೂನ ಒಣಗತೈತಿ,” ಎಂದಳು ಅಕ್ಕ. ಕೈ ಒರೆಸಿಕೊಂಡು ಎದ್ದು, ಕಸ್ತೂರಿಯ ಕೈಯಿಂದ ಮಗುವನ್ನು ಎತ್ತಿಕೊಂಡು ಹೆಗಲಿಗೆ ಹಾಕಿ ಬೆನ್ನು ತಟ್ಟಿದಳು. ಪಡಸಾಲೆಯವರೆಲ್ಲ ಅವಳನ್ನೇ ನೋಡುತ್ತಿದ್ದರು. ಮಾಬೂಬಿಗೆ ಮೊದಲು ಅರ್ಥವಾಯಿತು, ಅವಳ ಮುಖ ಅರಳಿತು.

“ಅಲ್ಲಿಗೂ ಹೊಕ್ಕೀವಿ. ಅದನ್ನ ಬಿಟ್ಟು ಇನ್ನೊಂದು ಮಾಡಿದ್ರ ಅಲ್ಲಿಗೂ ಹೊಕ್ಕೀವಿ. ನಮ್ಮ ಮಂಚ ನಮಗ ತಂದು ಇಳಿಸೋತನಕ,” ಎಂದಳು ಅಕ್ಕ. “ಎಷ್ಟು ರಸ್ತಾ ಹಾಕತೈತಿ ಹಾಕಲಿ. ನಮ್ಮ ಕಡೆ ನೂಲು ಐತಿ.”